ಕೆಮ್ಮಿನ ಮಗುವಿಗೆ ‘ಜೀನ್ ಟೆಸ್ಟ್’ ಅಂದರೆ ವಂಶದ ದೋಷ ಹುಡುಕುವುದಾ? ಫಾರ್ವರ್ಡ್ ಒತ್ತುವ ಮೊದಲು ಓದಿ

ಷಷ್ಠಿ ಹೊತ್ತಿಗೆ ರಾಮನಾಥಪುರಕ್ಕೆ ಎರಡು ಒಟ್ಟಿಗೆ ಬರುತ್ತವೆ: ಸುಬ್ರಹ್ಮಣ್ಯಸ್ವಾಮಿಯ ತೇರು ಮತ್ತು ಮಾರ್ಗಶಿರದ ಚಳಿ. ತೇರಿನ ನೂಕುನುಗ್ಗಲಲ್ಲಿ ಕಂಕುಳ ಕೂಸುಗಳನ್ನು ಹೊತ್ತು ನಿಂತವರೆಷ್ಟೋ. ಜಾತ್ರೆ ಮುಗಿದ ನಾಲ್ಕೈದು ದಿನಕ್ಕೆ ಮಕ್ಕಳ ಮೂಗು ಸೋರುವುದು, ಕೆಮ್ಮು ಶುರುವಾಗುವುದು ಯಾವ ಊರಿಗೂ ಹೊಸದಲ್ಲ. ಹೊಸದೆಂದರೆ ಅದರ ಬೆನ್ನಿಗೇ ಫೋನಿಗೆ ಬಂದು ಬೀಳುವ ಮೆಸೇಜುಗಳು.

ಅವುಗಳಲ್ಲಿ ಒಂದು ಬಗೆಯವು ಹೀಗಿರುತ್ತವೆ. ಕಫ ಕಟ್ಟಿ ಆಸ್ಪತ್ರೆ ಸೇರಿದ ಮಕ್ಕಳ ರಕ್ತ ತೆಗೆದು ವಿಜ್ಞಾನಿಗಳು ಜೀನ್ ನೋಡುತ್ತಾರಂತೆ, ಒಂದು ಹನಿಯಲ್ಲಿ ಎಲ್ಲ ಕಾಯಿಲೆ ಗೊತ್ತಾಗುತ್ತದಂತೆ. ಇದನ್ನೇ ತಿರುಚಿದ ಇನ್ನೊಂದರಲ್ಲಿ ಮಕ್ಕಳಿಗೆ ಪದೇ ಪದೇ ಕಫ ಆದರೆ ಅದು ವಂಶದ ದೋಷ, ಔಷಧಿಯಿಂದ ಹೋಗಲ್ಲ. ಮೂರನೆಯದು ನೇರ ವ್ಯಾಪಾರ: ಈ ಪುಡಿ ಕುಡಿಸಿ, ಮಗುವಿನ ರೋಗನಿರೋಧಕ ಜೀನ್ ‘ಆನ್’ ಮಾಡಿ.

ಮೊದಲನೆಯದರಲ್ಲಿ ಅರ್ಧ ನಿಜ ಇದೆ. ಎರಡನೆಯದು ತಪ್ಪು ತಿಳಿವಳಿಕೆ. ಮೂರನೆಯದರ ಬಗ್ಗೆ ಆಮೇಲೆ ಹೇಳುತ್ತೇವೆ.

ಬೆಂಗಳೂರಿನ ಎರಡು ಕೂಸುಗಳು

2025ರ ಜನವರಿ 6 ನೆನಪಿದೆಯಾ? ಬೆಂಗಳೂರಿನಲ್ಲಿ ಎರಡು ಮಕ್ಕಳಿಗೆ ಎಚ್‌ಎಂಪಿವಿ ವೈರಸ್ ಇದೆ ಎಂದು ಐಸಿಎಂಆರ್ ಪ್ರಕಟಿಸಿದ ದಿನ. ಒಂದು 3 ತಿಂಗಳ ಹೆಣ್ಣುಮಗು, ಇನ್ನೊಂದು 8 ತಿಂಗಳ ಗಂಡುಮಗು. ಇಬ್ಬರೂ ಬ್ರಾಂಕೋನ್ಯುಮೋನಿಯಾ ಆಗಿ ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆ ಸೇರಿದ್ದವರು. ಯಾರೂ ವಿದೇಶಕ್ಕೆ ಹೋಗಿ ಬಂದಿರಲಿಲ್ಲ. ಪ್ರಕಟಣೆ ಹೊರಬೀಳುವ ಹೊತ್ತಿಗೆ ಹೆಣ್ಣುಮಗು ಮನೆಗೆ ಹೋಗಿಯಾಗಿತ್ತು, ಗಂಡುಮಗು ಚೇತರಿಸಿಕೊಳ್ಳುತ್ತಿತ್ತು.

ಅವತ್ತು ಮಧ್ಯಾಹ್ನದೊಳಗೆ ಫೋನುಗಳು ಬಿಸಿಯಾದವು. ‘ಚೀನಾದಿಂದ ಹೊಸ ವೈರಸ್’, ‘ಮತ್ತೆ ಲಾಕ್‌ಡೌನ್’. ಅಸಲಿಗೆ ಅದು ಹೊಸದೇ ಅಲ್ಲ. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು 2001ರಲ್ಲೇ ಅದನ್ನು ಗುರುತಿಸಿದ್ದರು. ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ 1958ರಲ್ಲೂ ಜನರಿಗೆ ಅದು ತಗುಲಿದ್ದಕ್ಕೆ ಗುರುತು ಸಿಕ್ಕಿತು. ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗುವ ವೈರಸ್ ಇದು. ಬೆಂಗಳೂರಿನಲ್ಲಿ ಪತ್ತೆಯಾದದ್ದು ಹೊಸದಾಗಿ ಬಂದದ್ದಕ್ಕಲ್ಲ, ಶ್ವಾಸಕೋಶದ ವೈರಸ್‌ಗಳ ಮೇಲೆ ಐಸಿಎಂಆರ್ ಇಟ್ಟಿರುವ ಮಾಮೂಲಿ ಕಣ್ಗಾವಲಿನಲ್ಲಿ ಹುಡುಕಿದ್ದಕ್ಕೆ.

ಆ ಗಲಾಟೆಯಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿತ್ತು. ಕೂಸಿನ ಮೂಗಿನಲ್ಲಿ ವೈರಸ್ ಸಿಕ್ಕಿತು, ಸರಿ. ಅದರ ನ್ಯುಮೋನಿಯಾಗೆ ಕಾರಣ ಆ ವೈರಸ್ಸೇ ಎಂದು ಹೇಳುವುದು ಹೇಗೆ? ಜೊತೆಗೆ ಬ್ಯಾಕ್ಟೀರಿಯಾ ಸೇರಿಲ್ಲ ಎಂದು ನಂಬುವುದು ಹೇಗೆ? ಮಕ್ಕಳ ವಾರ್ಡಿನ ವೈದ್ಯರನ್ನು ದಿನಾ ಕಾಡುವ ಪ್ರಶ್ನೆ ಇದು. ಜೀನ್ ಸಂಶೋಧನೆ ಹುಟ್ಟಿದ್ದೂ ಇದಕ್ಕೇ.

ಕಳ್ಳ ಯಾರೆಂದು ಹಿಡಿಯುವುದೇ ಕಷ್ಟ

ವೈರಸ್ ಆದರೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಬ್ಯಾಕ್ಟೀರಿಯಾ ಆದರೆ ಆ್ಯಂಟಿಬಯೋಟಿಕ್ ತಡವಾದಷ್ಟೂ ಅಪಾಯ. ಆದರೆ ಹೊರಗೆ ಕಾಣುವುದು ಎರಡರಲ್ಲೂ ಒಂದೇ: ಜ್ವರ, ಕೆಮ್ಮು, ಏದುಸಿರು. ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಂಡರೂ ಅದರ ಮೇಲೆ ಹೆಸರು ಬರೆದಿರುವುದಿಲ್ಲ.

ದೊಡ್ಡವರಾದರೆ ಕಫ ಉಗಿಯಿರಿ ಎನ್ನಬಹುದು. ಎಂಟು ತಿಂಗಳ ಕೂಸು ಕಫ ನುಂಗುತ್ತದೆ, ಉಗಿಯುವುದಿಲ್ಲ. ರಕ್ತವನ್ನು ಕಲ್ಚರ್‌ಗೆ ಹಾಕಿದರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇದ್ದಾಗಲೂ ಬಹಳ ಸಲ ಏನೂ ಬೆಳೆಯುವುದಿಲ್ಲ, ಬೆಳೆದರೂ ಒಂದೆರಡು ದಿನ ಕಾಯಬೇಕು. ಮೂಗಿನ ದ್ರವದ ಪಿಸಿಆರ್ ಮಾಡಿಸಿದರೆ ತೊಂದರೆ ತಿರುಗುಮುರುಗು. ಆಟ ಆಡಿಕೊಂಡಿರುವ ಆರೋಗ್ಯವಂತ ಮಗುವಿನ ಮೂಗಿನಲ್ಲೂ ರೈನೋವೈರಸ್‌ನಂಥವು ಸಿಗುತ್ತವೆ. ಮನೆಯಲ್ಲಿ ಸಿಕ್ಕವರೆಲ್ಲ ಕಳ್ಳರಲ್ಲ ಅಲ್ಲವಾ, ನೆಂಟರೂ ಇರುತ್ತಾರೆ.

ಹಾಗಾದರೆ ಹೆಚ್ಚು ಪಾಲು ಯಾರದು? ಪರ್ಚ್ ಎಂಬ ದೊಡ್ಡ ಅಧ್ಯಯನ ಬಾಂಗ್ಲಾದೇಶ, ಥಾಯ್ಲೆಂಡ್ ಮತ್ತು ಆಫ್ರಿಕಾದ ಐದು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾಯಿತು. ಆಸ್ಪತ್ರೆ ಸೇರುವಷ್ಟು ತೀವ್ರವಾದ, ಎಕ್ಸ್‌ರೇಯಲ್ಲೂ ಕಂಡ ನ್ಯುಮೋನಿಯಾದ ಎಚ್‌ಐವಿ ಇಲ್ಲದ ಮಕ್ಕಳಲ್ಲಿ ಸುಮಾರು 61% ಪಾಲು ವೈರಸ್‌ಗಳದ್ದು, 27% ಬ್ಯಾಕ್ಟೀರಿಯಾದ್ದು. ಆರ್‌ಎಸ್‌ವಿ ಎಂಬ ಒಂದೇ ವೈರಸ್‌ನ ಪಾಲು 31%. ಆ ಏಳು ದೇಶಗಳಲ್ಲಿ ಭಾರತ ಇರಲಿಲ್ಲ, ಅಂಕಿಗಳನ್ನು ಹಾಗೆಹಾಗೇ ನಮಗೆ ಹಚ್ಚುವಂತಿಲ್ಲ. ಆದರೂ ‘ನ್ಯುಮೋನಿಯಾ ಎಂದರೆ ಬ್ಯಾಕ್ಟೀರಿಯಾ’ ಎಂಬ ನಂಬಿಕೆ ಎಷ್ಟು ಸಡಿಲ ಎಂಬುದು ಇದರಿಂದ ತಿಳಿಯುತ್ತದೆ.

ಬೀದಿ ನೋಡಿ ಹಬ್ಬ ಹೇಳುವುದು

ಕಳ್ಳ ಸಿಗದಿದ್ದರೆ ಮನೆಯವರ ಓಡಾಟ ನೋಡಿ. ಜೀನ್ ಅಭಿವ್ಯಕ್ತಿ ಎಂದರೆ ಅಷ್ಟೇ. ರೋಗಾಣುವನ್ನಲ್ಲ, ಅದಕ್ಕೆ ಮೈ ಕೊಡುವ ಉತ್ತರವನ್ನು ಓದುವುದು.

ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ ಅದೇ ಡಿಎನ್‌ಎ ಇದೆ. ಪ್ರೋಟೀನು ತಯಾರಿಸುವ ಜೀನ್‌ಗಳೇ ಸುಮಾರು 20,000. ಆದರೆ ಎಲ್ಲವೂ ಎಲ್ಲ ಹೊತ್ತಿನಲ್ಲೂ ಕೆಲಸ ಮಾಡುವುದಿಲ್ಲ. ಬೇಕಾದಾಗ ಬೇಕಾದ ಜೀನ್ ತೆರೆದುಕೊಳ್ಳುತ್ತದೆ. ತೆರೆದಾಗ ಅದರ ನಕಲು ಚೀಟಿಯೊಂದು ಹೊರಡುತ್ತದೆ, ಅದಕ್ಕೆ ಎಂಆರ್‌ಎನ್‌ಎ ಎಂದು ಹೆಸರು. ಕೋವಿಡ್ ಲಸಿಕೆಯ ಕಾಲದಲ್ಲಿ ಕೇಳಿದ ಹೆಸರೇ. ಚೀಟಿಗಳನ್ನು ಎಣಿಸಿದರೆ ಯಾವ ಜೀನ್ ಎಷ್ಟು ದುಡಿಯುತ್ತಿದೆ ಎಂದು ಗೊತ್ತಾಗುತ್ತದೆ.

ರಾಮನಾಥಪುರದ ಬೀದಿಯನ್ನೇ ನೆನೆಸಿಕೊಳ್ಳಿ. ಊರು ಅದೇ, ಮನೆಗಳು ಅವೇ. ತೇರಿನ ದಿನ ಹಣ್ಣು-ಜವನ ಮಾರುವವರು, ಬಳೆ ಅಂಗಡಿ, ಬೆಂಡು-ಬತ್ತಾಸು, ಪುರಿ-ಖಾರ. ದನಗಳ ಜಾತ್ರೆಯಲ್ಲಾದರೆ ಹಗ್ಗ, ಗೆಜ್ಜೆ, ಬಾರುಕೋಲು, ಹುಲ್ಲಿನ ಹೊರೆ. ಬಸ್ಸಿಳಿದ ಪರಊರಿನವರು ದೇವರನ್ನೂ ನೋಡಬೇಕಿಲ್ಲ, ಎತ್ತನ್ನೂ ನೋಡಬೇಕಿಲ್ಲ, ಯಾವ ಅಂಗಡಿ ತೆರೆದಿದೆ ಎಂದು ನೋಡಿಯೇ ಇವತ್ತು ಏನು ನಡೆಯುತ್ತಿದೆ ಎಂದು ಹೇಳಬಹುದು.

ರಕ್ತದ ಬಿಳಿ ಕಣಗಳಲ್ಲೂ ಹಾಗೇ. ವೈರಸ್ ಬಂದರೆ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಸಂದೇಶ ಹೊರಡುತ್ತದೆ (1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದದ್ದು). ಅದರ ಕೂಗಿಗೆ ಒಂದು ಗುಂಪಿನ ಜೀನ್‌ಗಳು ಬಾಗಿಲು ತೆರೆಯುತ್ತವೆ. ಬ್ಯಾಕ್ಟೀರಿಯಾ ಬಂದರೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ದಂಡಿಗೆ, ಉರಿಯೂತಕ್ಕೆ ಸಂಬಂಧಪಟ್ಟ ಬೇರೆ ಗುಂಪು ಹೆಚ್ಚು ತೆರೆಯುತ್ತದೆ. ಎರಡು ಬೀದಿ, ಎರಡು ಬಗೆಯ ಅಂಗಡಿ.

2016ರಲ್ಲಿ ಇಂಪೀರಿಯಲ್ ಕಾಲೇಜ್ ಲಂಡನ್‌ನ ತಂಡ ಇದನ್ನು ಜ್ವರದಿಂದ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಪರೀಕ್ಷಿಸಿತು. ಸಾವಿರಾರು ಜೀನ್‌ಗಳನ್ನು ಜಾಲಾಡಿ ಕೊನೆಗೆ ಎರಡೇ ಎರಡನ್ನು ಆರಿಸಿಕೊಂಡರು. ಐಎಫ್‌ಐ44ಎಲ್, ವೈರಸ್ ಇದ್ದಾಗ ಏರುವುದು. ಎಫ್‌ಎಎಂ89ಎ, ಬ್ಯಾಕ್ಟೀರಿಯಾ ಇದ್ದಾಗ ಏರುವುದು. ಹೊಸ ಮಕ್ಕಳ ಗುಂಪಿನಲ್ಲಿ ಪರಖಿಸಿದಾಗ ಬ್ಯಾಕ್ಟೀರಿಯಾ ಖಚಿತವಾಗಿದ್ದ 23 ಮಕ್ಕಳನ್ನೂ ಈ ಜೋಡಿ ಸರಿಯಾಗಿ ಗುರುತಿಸಿತು, ವೈರಸ್ ಖಚಿತವಾಗಿದ್ದ 28ರಲ್ಲಿ 27ನ್ನು. ಎರಡು ಅಂಗಡಿ ನೋಡಿ ಜಾತ್ರೆ ಹೇಳಿದಂತಾಯಿತು. ಕೇಳಿದರೆ ಮೈ ಜುಮ್ಮೆನ್ನುತ್ತದೆ, ನಿಜ.

ಆದರೆ ಫಾರ್ವರ್ಡುಗಳು ಇಲ್ಲಿಗೇ ನಿಲ್ಲಿಸುತ್ತವೆ, ನಾವು ಮುಂದಿನ ಸಾಲನ್ನೂ ಓದಬೇಕು. ಅದೇ ಗುಂಪಿನಲ್ಲಿ ಇನ್ನೂ 79 ಮಕ್ಕಳಿದ್ದರು. ವೈದ್ಯರಿಗೇ ಖಚಿತವಾಗಿ ಇದೇ ಎಂದು ಹೇಳಲಾಗದ ಮಕ್ಕಳು. ಅಲ್ಲಿ ಜೀನ್ ಹೇಳಿದ್ದು ಸರಿಯೋ ತಪ್ಪೋ ಎಂದು ಅಳೆಯಲು ಯಾವ ತಕ್ಕಡಿಯೂ ಇಲ್ಲ. ಪರೀಕ್ಷೆ ಹೆಚ್ಚು ಬೇಕಾಗಿರುವುದು ಇಂಥ ಮಕ್ಕಳಿಗೇ.

ಇದಕ್ಕೆ ಮೂರು ವರ್ಷ ಮೊದಲು, 2013ರಲ್ಲಿ, ಅಮೆರಿಕದಲ್ಲಿ ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರಿದ ಎರಡು ವರ್ಷದೊಳಗಿನ ಮಕ್ಕಳ ರಕ್ತವನ್ನು ಹೀಗೇ ಓದಿದ್ದರು. ಅಲ್ಲಿ ಉರಿಯೂತದ ಅಂಗಡಿಗಳು ಭರ್ತಿ ತೆರೆದಿದ್ದವು, ಟಿ ಮತ್ತು ಬಿ ಕೋಶಗಳ ಅಂಗಡಿಗಳು ಅರ್ಧ ಬಾಗಿಲು ಮುಚ್ಚಿದ್ದವು. ಆರೋಗ್ಯವಂತ ಮಗುವಿನ ಚಿತ್ರದಿಂದ ಎಷ್ಟು ದೂರ ಸರಿದಿದೆ ಎಂದು ಅಂಕ ಕೊಟ್ಟರೆ, ಅಂಕ ಹೆಚ್ಚಿದ್ದ ಮಕ್ಕಳ ಕಾಯಿಲೆಯೂ ಹೆಚ್ಚು ತೀವ್ರವಾಗಿತ್ತು. ಯಾವ ಮಗುವನ್ನು ಮನೆಗೆ ಕಳಿಸಬಹುದು, ಯಾವುದನ್ನು ಕಣ್ಣಿಟ್ಟು ಕಾಯಬೇಕು ಎಂದು ಮುಂದೊಂದು ದಿನ ಇದರಿಂದ ಹೇಳಬಹುದು ಎಂಬ ಆಸೆ ಹುಟ್ಟಿದ್ದು ಹೀಗೆ.

‘ವಂಶ’ ಎಂಬ ಪದದ ಕಿತಾಪತಿ

ಜೀನ್‌ಗೆ ನಮ್ಮ ಪಠ್ಯಪುಸ್ತಕಗಳು ಕೊಟ್ಟ ಹೆಸರು ವಂಶವಾಹಿ. ಒಳ್ಳೆಯ ಪದವೇ, ಆದರೆ ಇಲ್ಲಿ ಅದೇ ಕಾಲಿಗೆ ತೊಡರುತ್ತದೆ. ‘ಮಗುವಿನ ವಂಶವಾಹಿ ನೋಡಿದರು’ ಎಂದ ಕೂಡಲೇ ಮನೆಯಲ್ಲಿ ಶುರು: ಯಾರ ಕಡೆಯಿಂದ ಬಂತು? ನಮ್ಮ ಕಡೆ ಯಾರಿಗೂ ದಮ್ಮು ಇರಲಿಲ್ಲ, ಸೊಸೆಯ ತವರಲ್ಲಿ ಇರಬೇಕು. ಮೂರು ರಾತ್ರಿ ವಾರ್ಡಿನಲ್ಲಿ ಕೂಸನ್ನು ಎದೆಗವುಚಿಕೊಂಡು ಕೂತ ತಾಯಿಗೆ ಇದೊಂದು ಬೇರೆ.

ಸ್ಪಷ್ಟವಾಗಿ ಹೇಳುತ್ತೇವೆ. ಇಲ್ಲಿ ನೋಡುವುದು ಅಪ್ಪ-ಅಮ್ಮನಿಂದ ಬಂದ ಜೀನ್ ಸರಿಯಿದೆಯೋ ಕೆಟ್ಟಿದೆಯೋ ಎಂಬುದನ್ನಲ್ಲ. ಇವತ್ತು, ಈ ಜ್ವರದಲ್ಲಿ ಯಾವ ಜೀನ್ ಎಷ್ಟು ತೆರೆದಿದೆ ಎಂಬುದನ್ನು. ಜ್ವರ ಇಳಿದ ಮೇಲೆ, ಕೆಲವು ಸಲ ವಾರಗಳ ನಂತರ, ಅದೇ ಮಗುವಿನಲ್ಲಿ ಅದೇ ಅಂಗಡಿಗಳು ಮುಚ್ಚಿರುತ್ತವೆ. ಜಾತ್ರೆ ಮುಗಿದರೂ ಒಂದಷ್ಟು ದಿನ ಚಪ್ಪರ ನಿಂತೇ ಇರುವುದಿಲ್ಲವೇ, ಹಾಗೆ ಸ್ವಲ್ಪ ತಡವಾಗಬಹುದು. ಅಷ್ಟೇ.

ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಕೊರತೆ ಇರುವ ಮಕ್ಕಳು ಇದ್ದಾರೆ, ಆದರೆ ಅಪರೂಪ. ಮತ್ತೆ ಮತ್ತೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರುವ, ತೂಕವೇ ಏರದ ಮಗುವಿಗೆ ವೈದ್ಯರು ಅದರ ಪರೀಕ್ಷೆ ಬೇರೆಯಾಗಿ ಬರೆಯುತ್ತಾರೆ. ವರ್ಷಕ್ಕೆ ಐದಾರು ಸಲ ನೆಗಡಿಯಾಗುವ ಅಂಗನವಾಡಿ ಮಗುವಿಗೆ ಆಗುತ್ತಿರುವುದು ಬಾಲ್ಯ.

ಸಂಶೋಧನೆಗೆಂದು ನಿಮ್ಮ ಮಗುವಿನ ರಕ್ತ ಕೇಳಿದರೆ ಹೆದರಬೇಕಿಲ್ಲ, ಸುಮ್ಮನೆ ಸಹಿ ಹಾಕಲೂ ಬೇಕಿಲ್ಲ. ಐಸಿಎಂಆರ್ ನಿಯಮದ ಪ್ರಕಾರ ತಂದೆ-ತಾಯಿಯ ಒಪ್ಪಿಗೆ ಕಡ್ಡಾಯ, ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಬೇಡ ಎಂದರೆ ಚಿಕಿತ್ಸೆಗೆ ಕುಂದು ಬರುವಂತಿಲ್ಲ. ಏನು ನೋಡುತ್ತೀರಿ, ರಕ್ತ ಎಷ್ಟು ಕಾಲ ಇಡುತ್ತೀರಿ ಎಂದು ಕನ್ನಡದಲ್ಲೇ ಕೇಳಿ.

ಹಾಸನದಲ್ಲಿ ಈ ಟೆಸ್ಟ್ ಸಿಗುತ್ತದಾ?

ದಿನನಿತ್ಯದ ಚಿಕಿತ್ಸೆಯಲ್ಲಿ ಇದು ಇನ್ನೂ ಬಳಕೆಗೆ ಬಂದಿಲ್ಲ. ಎಂಆರ್‌ಎನ್‌ಎ ಬಹಳ ನಾಜೂಕು, ರಕ್ತ ತೆಗೆದ ಗಳಿಗೆಯಲ್ಲೇ ವಿಶೇಷ ಟ್ಯೂಬಿಗೆ ಹಾಕದಿದ್ದರೆ ಚೀಟಿಗಳು ಹರಿದುಹೋಗುತ್ತವೆ. ಅದನ್ನು ಓದುವ ಯಂತ್ರ, ತಗಲುವ ಸಮಯ, ಖರ್ಚು ಯಾವುದೂ ತಾಲ್ಲೂಕು ಆಸ್ಪತ್ರೆಗೆ ಒಗ್ಗುವಂತಿಲ್ಲ. ಯಾರಾದರೂ ಮೊಬೈಲ್ ನಂಬರ್ ಕೊಟ್ಟು ‘ಕಫದ ಜೀನ್ ಟೆಸ್ಟ್ ಮಾಡಿಸಿಕೊಡುತ್ತೇವೆ, ಅಡ್ವಾನ್ಸ್ ಹಾಕಿ’ ಎಂದರೆ ಹಾಕಬೇಡಿ.

ಇನ್ನೊಂದು ತೊಡಕು ನಮ್ಮದೇ ನೆಲದ್ದು. ಮೊದಲ ಜೀನ್ ಪಟ್ಟಿಗಳು ಹೆಚ್ಚಾಗಿ ಅಮೆರಿಕ, ಯುರೋಪಿನ ರೋಗಿಗಳಿಂದ ಬಂದವು. ಟೈಫಾಯಿಡ್, ಸ್ಕ್ರಬ್ ಟೈಫಸ್‌ನಂಥ ಬ್ಯಾಕ್ಟೀರಿಯಾಗಳು ಜೀವಕೋಶದ ಒಳಗೇ ಹೊಕ್ಕು ಕೂರುತ್ತವೆ, ಅಲ್ಲಿ ಈ ಪಟ್ಟಿಗಳು ಎಡವಿದವು. ಸ್ಟ್ಯಾನ್‌ಫರ್ಡ್‌ನ ಪುರ್ವೇಶ್ ಖತ್ರಿ ಅವರ ತಂಡ ಏಷ್ಯಾದ ರೋಗಿಗಳನ್ನೂ ಸೇರಿಸಿ ಎಂಟು ಜೀನ್‌ಗಳ ಹೊಸ ಪಟ್ಟಿಯನ್ನು 2022ರಲ್ಲಿ ಕೊಟ್ಟದ್ದು ಇದಕ್ಕೇ. ಇನ್ನು ವೈರಸ್ ಬಾಗಿಲು ಮುರಿದು, ಅದರ ಹಿಂದೆ ಬ್ಯಾಕ್ಟೀರಿಯಾ ನುಗ್ಗಿದ್ದರೆ? ತೇರೂ ದನದ ಜಾತ್ರೆಯೂ ಒಂದೇ ದಿನ ಸೇರಿದಂತೆ. ಬೀದಿ ನೋಡಿ ಹೇಳುವವರು ಅಲ್ಲಿ ತಬ್ಬಿಬ್ಬು.

ಹಾಗಂತ ನಿಮ್ಮ ವೈದ್ಯರು ಕತ್ತಲಲ್ಲಿ ಕೈಯಾಡಿಸುತ್ತಿದ್ದಾರೆ ಅಂದುಕೊಳ್ಳಬೇಡಿ. ಸಿಆರ್‌ಪಿ ಎಂದು ರಕ್ತ ಪರೀಕ್ಷೆ ಬರೆದುಕೊಟ್ಟಿದ್ದು ನೆನಪಿದೆಯಾ? ಉರಿಯೂತದ ಸುದ್ದಿ ತಲುಪಿದಾಗ ಯಕೃತ್ತು ಒಂದು ಜೀನನ್ನು ಜೋರಾಗಿ ತೆರೆದು ಸುರಿಯುವ ಪ್ರೋಟೀನೇ ಸಿಆರ್‌ಪಿ. ಒಂದೇ ಒಂದು ಅಂಗಡಿ ನೋಡಿ ಊಹಿಸುವ ಹಳೆಯ ಉಪಾಯ. ಬಹಳ ಏರಿದ್ದರೆ ಬ್ಯಾಕ್ಟೀರಿಯಾದ ಅನುಮಾನ ಹೆಚ್ಚುತ್ತದೆ, ಆದರೆ ಅದೊಂದರಿಂದಲೇ ತೀರ್ಪು ಕೊಡಲಾಗದು. ಸಿಆರ್‌ಪಿ ಜೊತೆ ಇನ್ನೆರಡು ಪ್ರೋಟೀನು ಸೇರಿಸಿ ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ಅಂಕ ಕೊಡುವ ಪರೀಕ್ಷೆಯೊಂದಕ್ಕೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿದೆ. ವಿದ್ಯೆ ನಿಧಾನವಾಗಿ ವಾರ್ಡಿನ ಕಡೆ ನಡೆದು ಬರುತ್ತಿದೆ.

ಹಸಿರು ಕಫ, ಕರ್ಪೂರ, ಪುಡಿ

ಕಫ ಹಸಿರಾದರೆ ಆ್ಯಂಟಿಬಯೋಟಿಕ್ ಬೇಕೇ ಬೇಕು ಎಂಬುದು ಬಲು ಹಳೆಯ ನಂಬಿಕೆ. ಆ ಹಸಿರು ಬಣ್ಣ ನ್ಯೂಟ್ರೋಫಿಲ್ ಕಣಗಳ ಒಳಗಿರುವ ಒಂದು ಕಿಣ್ವದ್ದು. ವೈರಸ್ಸಿನ ನೆಗಡಿಯಲ್ಲೂ ಅವು ಬರುತ್ತವೆ, ಬಂದು ಸಾಯುತ್ತವೆ, ಕಫ ಹಸಿರಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕಫದ ಬಣ್ಣ ಹೇಳಿ ಸಿರಪ್ ತರಬೇಡಿ. ಕೆಮ್ಮಿನ ಸಿರಪ್ ಅಂತೂ ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡವೆಂದು ಕೇಂದ್ರ ಸರ್ಕಾರ 2025ರ ಅಕ್ಟೋಬರಿನಲ್ಲಿ ಮತ್ತೆ ಎಚ್ಚರಿಸಿದೆ.

ವೈದ್ಯರು ಪರೀಕ್ಷಿಸಿ ಅಮಾಕ್ಸಿಸಿಲಿನ್ ಬರೆದಿದ್ದರೆ ಮಾತ್ರ ಈ ಲೇಖನ ತೋರಿಸಿ ನಿಲ್ಲಿಸಬೇಡಿ. ಬ್ಯಾಕ್ಟೀರಿಯಾ ಇಲ್ಲವೆಂದು ಖಚಿತಪಡಿಸುವ ಸಾಧನ ಇಲ್ಲದ ಕಡೆ, ಉಸಿರು ವೇಗವಾಗಿರುವ ಮಗುವಿಗೆ ಅದನ್ನು ಕೊಡುವುದೇ ಸರಿ. ಹೇಳಿದಷ್ಟು ದಿನ ಕುಡಿಸಿ.

ಜೀನ್ ‘ಆನ್’ ಮಾಡುವ ಪುಡಿಯ ವಿಚಾರ. ವೈರಸ್ ಬಂದಾಗ ಆ ಜೀನ್‌ಗಳು ತಾವಾಗಿಯೇ ತೆರೆದುಕೊಳ್ಳುತ್ತವೆ, ಅದಕ್ಕೆ ಯಾರ ಪುಡಿಯೂ ಬೇಕಿಲ್ಲ. ಇಷ್ಟಕ್ಕೂ ಹೆಚ್ಚು ತೆರೆದರೆ ಒಳ್ಳೆಯದು ಎಂದೇನಿಲ್ಲ. ಇಂಟರ್‌ಫೆರಾನನ್ನೇ ಔಷಧಿಯಾಗಿ ಚುಚ್ಚಿಸಿಕೊಂಡವರಿಗೆ ಜ್ವರ, ಮೈಕೈ ನೋವು ಬರುತ್ತದೆ. ಆರ್‌ಎಸ್‌ವಿ ಕೂಸುಗಳ ಸಂಕಟದಲ್ಲೂ ವೈರಸ್ಸಿನ ಪಾಲಿನ ಜೊತೆ ಮೈಯ ಉರಿಯೂತದ ಪಾಲು ಇರುತ್ತದೆ. ಕರ್ಪೂರ-ಓಂಕಾಳಿನ ಗಂಟು ಮೂಸಿಸಿ ಎನ್ನುವ ಮೆಸೇಜನ್ನು ಅಲ್ಲೇ ಅಳಿಸಿ. ಕರ್ಪೂರ ಕೂಸುಗಳಿಗೆ ವಿಷ, ಫಿಟ್ಸ್ ಬರಬಹುದು. ಒಂದು ವರ್ಷದೊಳಗೆ ಜೇನುತುಪ್ಪವೂ ಬೇಡ.

ಹೊಗೆಯ ಮಾತನ್ನೂ ಆಡಿಬಿಡೋಣ. ಇದು ತಂಬಾಕಿನ ಸೀಮೆ, ರಾಮನಾಥಪುರದಲ್ಲೇ ಹರಾಜು ಮಾರುಕಟ್ಟೆ ಇದೆ. ಬ್ಯಾರನ್ನಿಗೆ ಸೌದೆ ಹಾಕುವ ಕಡೆ, ಒಲೆಯ ಮುಂದೆ, ಬೀಡಿ ಸೇದುವವರ ಪಕ್ಕ ಕೂಸನ್ನು ಮಲಗಿಸಬೇಡಿ. ಮನೆಯೊಳಗಿನ ಹೊಗೆಯಿಂದ ಮಕ್ಕಳಿಗೆ ನ್ಯುಮೋನಿಯಾ ಅಪಾಯ ಹೆಚ್ಚುತ್ತದೆ. ಸಿಗರೇಟಿನ ಹೊಗೆ ಶ್ವಾಸನಾಳದ ಕೋಶಗಳಲ್ಲಿ ಜೀನ್‌ಗಳು ತೆರೆಯುವ-ಮುಚ್ಚುವ ರೀತಿಯನ್ನೇ ಬದಲಿಸುತ್ತದೆ ಎಂಬುದು ಸೇದುವವರಲ್ಲಿ ಕಂಡಿದೆ.

ಈಗ ನಿಮ್ಮ ಫೋನು ತೆಗೆಯಿರಿ

ಜೀನ್ ಓದಲು ಬರದಿದ್ದರೂ ಉಸಿರು ಎಣಿಸಲು ಬರುತ್ತದೆ. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಫೋನಿನ ಸ್ಟಾಪ್‌ವಾಚ್‌ನಲ್ಲಿ ಪೂರ್ತಿ 60 ಸೆಕೆಂಡು ಇಟ್ಟು, ಹೊಟ್ಟೆ-ಎದೆ ಎಷ್ಟು ಸಲ ಏರುತ್ತದೆ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, 2 ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಅವತ್ತೇ ವೈದ್ಯರಿಗೆ ತೋರಿಸಬೇಕು. ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ಈ ಲೆಕ್ಕ ಗೊತ್ತಿರುತ್ತದೆ, 2019ರಲ್ಲಿ ಶುರುವಾದ ‘ಸಾನ್ಸ್’ ಅಭಿಯಾನ ಇದರದ್ದೇ.

ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದುಕೊಳ್ಳುವುದು, ಮೊಲೆಹಾಲು ಅಥವಾ ನೀರು ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತುಟಿ ನೀಲಿಗಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಅರಕಲಗೂಡೋ ಹಾಸನವೋ ಎಂದು ಅವರೇ ಹೇಳುತ್ತಾರೆ. ಆಕ್ಸಿಜನ್ ಮಟ್ಟ 90ಕ್ಕಿಂತ ಕೆಳಗಿದ್ದರೆ ದಾಖಲು ಮಾಡಲೇಬೇಕು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಉಸಿರು ಎಣಿಸುತ್ತಲೂ ಕೂರಬೇಡಿ, ಹೊರಡಿ.

ತಾಯಿ ಕಾರ್ಡನ್ನೂ ಒಮ್ಮೆ ತೆಗೆದು ನೋಡಿ. ನ್ಯುಮೋಕಾಕಸ್ ಲಸಿಕೆ, ಅಂದರೆ ಪಿಸಿವಿ, 2021ರಿಂದ ದೇಶದೆಲ್ಲೆಡೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ: ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ. ಜಾತ್ರೆ, ಮದುವೆ, ತವರು ಎಂದು ಓಡಾಡುವಾಗ ಒಂಬತ್ತನೇ ತಿಂಗಳಿನದು ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಕಾರ್ಡಿನಲ್ಲಿ ಆ ಚೌಕ ಖಾಲಿ ಇದ್ದರೆ ಅಂಗನವಾಡಿಯಲ್ಲಿ ಮುಂದಿನ ಚುಚ್ಚುಮದ್ದಿನ ದಿನ ಯಾವಾಗ ಎಂದು ಕೇಳಿ.